ಹೊರಳಲಾಗದ ಕಡಲಮೀನು

ಗಾಜಿನ ತೊಟ್ಟಿಗೆ ಮೀನು ಮತ್ತೆ ಮೂತಿ ಬಡಿದುಕೊಂಡಿತು. ಐವತ್ತರ ದಶಕದಲ್ಲಿ ರೈಲ್ವೆಯಲ್ಲಿದ್ದ ನನ್ನ ಅಣ್ಣ ಆ ಕಡಲಮೀನನ್ನು ಸಮುದ್ರದ ನೀರಿನ ಸಮೇತ ಮುಂಬೈಯಿಂದ ಸೊಲ್ಲಾಪುರದ ಮನೆಗೆ ತಂದಿದ್ದ. ತೊಟ್ಟಿ ಎತ್ತರವಿತ್ತು, ಅಗಲವಿರಲಿಲ್ಲ. ಗೇಣುದ್ದದ ಮೀನು ಹೊರಳಲಾಗದೆ, ಮೇಲೆ ಬಂದು ಬಾಯಿ ಬಿಡುತ್ತಿತ್ತು. ನನಗೆ ಕೂತಲ್ಲಿ ಕೂರಲಾಗಲಿಲ್ಲ.

"ನೀರ ಬೇಕಾದಷ್ಟ ಐತಿ, ಹೊಳ್ಳಾಕ ಜಾಗಾನ ಇಲ್ಲಲ್ರಿ," ಎಂದು ಅಣ್ಣನ ಹೆಂಡತಿ, ನಮ್ಮ ವೈನಿ, ಅವನಿಗೆ ಹೇಳಿದಳು.

ಮೂವರೂ ಸೇರಿ ಮೀನಿನ ಸಮೇತ ಅದೇ ನೀರನ್ನು ಅಂಗಳದಲ್ಲಿ ದನಕ್ಕೆ ನೀರಿಡುವ ಅಗಲವಾದ ಕಲ್ಲಿನ ದೋಣಿಗೆ ಸುರಿದೆವು. ಮೀನು ಬಾಲ ಬೀಸಿ ಒಂದು ಸುತ್ತು ಹಾಕಿತು. ಅಣ್ಣ ಮರುದಿನದ ಗಾಡಿಗೆ ಅದನ್ನು ಒಯ್ದು ಸಮುದ್ರಕ್ಕೇ ಬಿಟ್ಟುಬಂದ.

ಈಗಲೂ ಯಾರದಾದರೂ ಮನೆಯಲ್ಲಿ ಇಕ್ಕಟ್ಟಾದ ಮೀನಿನ ತೊಟ್ಟಿ ಕಂಡರೆ, ಕೊಟ್ಟ ಚಹಾ ಮುಗಿಸದೆ ಎದ್ದುಬಿಡುತ್ತೇನೆ.