ಶ್ರಾವಣದ ಬಳ್ಳೊಳ್ಳಿ

ಆಯಿಯ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಆ ಮೂರೂ ಬೆರಳಿಗೆ ಬಳ್ಳೊಳ್ಳಿ ವಾಸನೆ. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಅಂಗೈಗೆ ಸಕ್ಕರೆ ಪ್ರಸಾದ ಹಾಕಿದರೂ ಅದೇ ವಾಸನೆ. "ಮೂಸಿ ನೋಡಬ್ಯಾಡ, ತಿನ್ನು" ಎಂದು ಗದರುತ್ತಿದ್ದಳು.

ನನ್ನ ಸ್ವಂತ ಅಜ್ಜಿಯಲ್ಲ, ಮಗ್ಗುಲ ಮನೆಯವಳು. ಲಿಂಗಪೂಜೆ ಮುಗಿಯದೆ ಹನಿ ನೀರು ಕುಡಿದವಳಲ್ಲ. ಶಹಾಬಾದಿನಲ್ಲಿ ಮೀನಿನ ಬಜಾರ ದಾಟುವಾಗ ಸೆರಗು ಮೂಗಿಗೇ. ಅಂಥವಳು ನನ್ನ ಮೀನುಗಳಿಗೆ ಅಡುಗೆ ಮಾಡುತ್ತಿದ್ದಳು ಎಂದರೆ ಯಾರು ನಂಬಬೇಕು!

ಕುರಕುಂಟಾ ದಾರಿಯಲ್ಲಿ ನೆಲಕ್ಕೆ ಹಾಸುವ ಫರಸಿಕಲ್ಲು ತೆಗೆದು ಬಿಟ್ಟ ಹಳೆಯ ಖಣಿಯೊಂದರಲ್ಲಿ ನೀರು ನಿಂತಿತ್ತು. ಅದನ್ನು ಗುತ್ತಿಗೆಗೆ ಹಿಡಿದು, ಇದ್ದಬದ್ದ ದುಡ್ಡೆಲ್ಲ ಸುರಿದು, ಕಾಟ್ಲಾ, ರೋಹು ಮೀನಿನ ಮರಿ ಬಿಟ್ಟಿದ್ದೆ. ಬಳ್ಳೊಳ್ಳಿ, ಅರಿಶಿನ, ಬೇವಿನೆಲೆಯ ರಸವನ್ನು ತೌಡು, ಶೇಂಗಾ ಹಿಂಡಿಗೆ ಕಲಸಿ ಹಾಕಿದರೆ ಮೀನಿಗೆ ರೋಗ ಕಡಿಮೆ ಎಂದು ತರಬೇತಿಯಲ್ಲಿ ಕೇಳಿ ಬಂದಿದ್ದೆ. ನನ್ನ ಕಲಸಾಟ ನೋಡಲಾರದೆ ಆಯಿ ತಾನೇ ಅರೆಯುವ ಕಲ್ಲಿನ ಮುಂದೆ ಕೂತಳು.

"ಆಯಿ, ಮೀನಿಗೆ ನೀನು?" ಎಂದೆ.

"ನಾ ತಿನ್ನಂಗಿಲ್ಲಂತ ಅವು ಉಪಾಸ ಇರಬೇಕೇನೋ?"

ಮೀನು ಹಿಡಿಯುವ ದಿನ ಮಾತ್ರ ಬಾಗಿಲು ಹಾಕಿಕೊಂಡು ಒಳಗೇ ಇರುತ್ತಿದ್ದಳು.

ಮೊದಲ ಶ್ರಾವಣದಲ್ಲೇ ಮೀನುಗಳು ಮೇವು ತಿನ್ನುವುದನ್ನು ಬಿಟ್ಟವು. ಮೈಮೇಲೆ ಕೆಂಪು ಗಾಯ. ದಿನಾ ಒಂದಿಷ್ಟು ಸತ್ತು ತೇಲುತ್ತಿದ್ದವು. ಆ ಖಣಿ ಕೈಬಿಟ್ಟರೆ ನನಗೆ ಬೇರೆ ಬದುಕೇ ಇರಲಿಲ್ಲ. ಆಹಾರದ ಬುಟ್ಟಿ ಮೂಸಿದೆ. ಬಳ್ಳೊಳ್ಳಿ ವಾಸನೆಯೇ ಇಲ್ಲ! ಕೇಳಲು ಹೋದರೆ ಆಯಿ ತಲೆ ತಗ್ಗಿಸಿದಳು.

"ಶ್ರಾವಣದಾಗ ನಾ ಬಳ್ಳೊಳ್ಳಿ ಮುಟ್ಟಂಗಿಲ್ಲಪ್ಪ. ನಮ್ಮ ಮನಿಯವರು ತೀರಿಕೊಂಡಾಗಿಂದ ಹಿಡದ ನೇಮ. ಒಂದು ತಿಂಗಳಿಗೆ ಏನಾಗ್ತದ ಅಂತ ಬರೇ ಬೇವು, ಅರಿಶಿಣ ಅರದು ಕೊಟ್ಟೆ."

ಸಿಟ್ಟು ಬಂತು, ಆದರೆ ಆ ಮುಖ ನೋಡಿ ಬೈಯಲಾಗಲಿಲ್ಲ. "ನಾನೇ ಅರೀತೀನಿ ಬಿಡು ಆಯಿ" ಎಂದೆ. ಅವಳು ಎದ್ದು ದೇವರ ಜಗಲಿಗೆ ಕೈಮುಗಿದಳು. ಒಳಗಿನಿಂದ ಬಳ್ಳೊಳ್ಳಿ ಗಡ್ಡೆ ತಂದು ಸುಲಿಯತೊಡಗಿದಳು.

"ನೀ ಮೀನಿನ ಕಡಿ ಹೋಗು. ಕೆಡಿಸಿದಾಕಿ ನಾ. ಶಿವಗ ನಾ ಹೇಳ್ಕೋತೀನಿ."

ನಾನು ಬೋರಿನ ಹೊಸ ನೀರು ಬಿಟ್ಟೆ, ಅವಳು ಅರೆದಳು. ನಿಧಾನಕ್ಕೆ ಸಾವು ನಿಂತಿತು. ಬಳ್ಳೊಳ್ಳಿ ಉಳಿಸಿತೋ, ನೀರು ಉಳಿಸಿತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆಯಿಗೆ ಆ ಅನುಮಾನವೇ ಇರಲಿಲ್ಲ. ಮುಂದೆ ಪ್ರತಿ ಶ್ರಾವಣದಲ್ಲೂ ತನ್ನ ಪಲ್ಯಕ್ಕೆ ಬಳ್ಳೊಳ್ಳಿ ಹಾಕದೆ, ಮೀನಿಗೆ ತಪ್ಪದೆ ಅರೆದಳು. ಆ ನೇಮ ಅವಳಿಗೆ ಎಂಥದ್ದೆಂದು ನನಗೆ ಗೊತ್ತಿತ್ತು. ಇವತ್ತು ನಾನು ಉಣ್ಣುವ ರೊಟ್ಟಿಯಲ್ಲಿ ಅವಳು ಮುರಿದ ಆ ನೇಮದ ಋಣವಿದೆ.

ಹೋದ ಶ್ರಾವಣದಲ್ಲಿ ಆಯಿ ತೀರಿಕೊಂಡಳು. ವಿಭೂತಿ ಹಚ್ಚಿ ಅಂಗಳದಲ್ಲಿ ಕೂರಿಸಿದ್ದರು. ಅವಳ ಸೊಸೆ ಒದ್ದೆ ಬಟ್ಟೆ ಹಿಡಿದು ಆಯಿಯ ಬೆರಳು ಒರೆಸುತ್ತಲೇ ಇದ್ದಳು.

"ಶ್ರಾವಣ ಅದ, ಈ ವಾಸನಿ ಹೋಗವಲ್ದು ನೋಡ್ರಿ" ಎಂದು ಅತ್ತಳು.

ನಾನು ಬಟ್ಟೆ ಇಸಿದುಕೊಂಡೆ.

"ಇರ್ಲಿ ಬಿಡ್ರಿ ವೈನಿ. ಶಿವಗ ತಾನೇ ಹೇಳ್ಕೋತೀನಿ ಅಂದಾಳ."