ಚಿಮಣಿ ಇಲ್ಲದ ಸ್ಥಾವರ

ತರಬೇತಿ ಕೊಠಡಿಯ ಪರದೆಯ ಮೇಲೆ ಹೊಸ ಸ್ಥಾವರದ ಶಾಖದ ಅಂಕಿ ಏರತೊಡಗಿದಾಗ ಬಾಯ್ಲರ್ ಆಪರೇಟರ್ ಅಭ್ಯಾಸಬಲದಿಂದ ಕಿಟಕಿಯತ್ತ ತಿರುಗಿದರು. ಕಲ್ಲಿದ್ದಲು ಸ್ಥಾವರದಲ್ಲಿ ಅವರು ಉರಿಯ ಹದ ತಿಳಿಯುತ್ತಿದ್ದುದು ಚಿಮಣಿಯ ಹೊಗೆಯ ಬಣ್ಣ ನೋಡಿ.

“ಅಣ್ಣಾ, ಅಲ್ಲೇನು ಹುಡುಕ್ತಿದ್ದೀರ? ಇದಕ್ಕೆ ಹೊಗೆನೇ ಇಲ್ಲ,” ಎಂದು ತರಬೇತುದಾರೆ ನಕ್ಕರು.

“ನನಗೆ ಗೊತ್ತಾಯ್ತಮ್ಮ. ಕುತ್ತಿಗೆಗೆ ಇನ್ನೂ ಪಾಠ ಆಗಿಲ್ಲ.”

ಸರ್ಕಾರದ ಹೊಸ ಇಂಧನ ನೀತಿಯಂತೆ ಹಳೆಯ ಸ್ಥಾವರ ಮುಚ್ಚುತ್ತಿದೆ. ಪಕ್ಕದಲ್ಲೇ ಸಣ್ಣ ಪರಮಾಣು ಸ್ಥಾವರ ಸಿದ್ಧವಾಗಿದೆ. ಅಂದಿನ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಮಾತ್ರ ಅಲ್ಲಿ ಕೆಲಸ.

ತರಬೇತುದಾರೆ ಇಂಧನದ ಬಿಲ್ಲೆಯ ಮಾದರಿಯೊಂದನ್ನು ಅವರ ಅಂಗೈ ಮೇಲಿಟ್ಟರು. ಅದು ಕಿರುಬೆರಳ ತುದಿಯಷ್ಟಿತ್ತು.

“ನಿಜವಾದ ಬಿಲ್ಲೆ ಒಂದರಲ್ಲಿ ಹತ್ತಿರ ಹತ್ತಿರ ಒಂದು ಟನ್ ಕಲ್ಲಿದ್ದಲಿನ ಶಾಖ ಇರತ್ತೆ.”

“ಈ ವಿಷ್ಯ ನಮ್ಮ ಕಲ್ಲಿದ್ದಲು ಸಾಗಿಸೋ ಬೆಲ್ಟಿಗೆ ಹೇಳಬೇಡಿ. ಪಾಪ, ಹಗಲೂ ರಾತ್ರಿ ಹೊತ್ತಿದೆ,” ಎಂದರು ಆಪರೇಟರ್.

ಗುಡ್ಡಗುಡ್ಡವೇ ಕಲ್ಲಿದ್ದಲು ಉರಿಸಿದ್ದ ಮನುಷ್ಯ, ಅಂಗೈ ಕದಲಿಸಲೂ ಅಂಜಿದವರಂತೆ ಅದನ್ನೇ ನೋಡುತ್ತ ಕುಳಿತರು.

ಸಂಜೆಯ ಪರೀಕ್ಷೆಯಲ್ಲಿ ಅವರು ತೇರ್ಗಡೆಯಾದರು. ಹಳೆಯ ಬಾಯ್ಲರನ್ನು ಕೊನೆಯ ಬಾರಿ ಆರಿಸುವ ಪಾಳಿ ಅವರದೇ. ಅದು ಮುಗಿದ ಮೇಲೆ ಅವರು ಹೊಸ ಸ್ಥಾವರದ ಕಂಟ್ರೋಲ್ ರೂಮಿಗೆ ಹೋಗುತ್ತಾರೆ.