ನಲ್ಲಿ ನಿಲ್ಲಿಸಿದ ಮೇಲಿನ ಐದು ನಿಮಿಷ

ನೂಲಿಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಬಿಸಿನೀರಕ್ಕ ಎಂದು. ಹದಿನೆಂಟು ವರ್ಷ ಬಣ್ಣದ ತೊಟ್ಟಿಯ ಮುಂದೆ ನಿಂತು ನೂಲು ಅದ್ದಿ ಎತ್ತಿದವಳು. ಮೊಣಕಾಲು ಕೈಕೊಟ್ಟಾಗ ಹೆಂಗಸರ ಸ್ನಾನದ ಮನೆ ನೋಡಿಕೊಳ್ಳುವ ಕೆಲಸಕ್ಕೆ ಹಾಕಿದರು. "ಇನ್ನೇನು, ಬಕೆಟ್ ಕಾಯೋ ಉದ್ಯೋಗ" ಎಂದು ಗಂಡ ನಕ್ಕ. ಅವಳಿಗೆ ನಗು ಬರಲಿಲ್ಲ. ಕೆಲಸ ಗೊತ್ತಿದ್ದವಳನ್ನು ಮೂಲೆಗೆ ಸರಿಸಿದರು ಎಂದು ಒಳಗೊಳಗೇ ಬೆಂದಳು.

ಸಂಜೆ ಪಾಳಿ ಮುಗಿಯುತ್ತಲೇ ಹದಿನಾರು ಹೆಂಗಸರು ಬರುತ್ತಿದ್ದರು. ಒಬ್ಬಳ ಮೊಣಕೈವರೆಗೆ ನೀಲಿ, ಇನ್ನೊಬ್ಬಳ ಕತ್ತಿನ ತುಂಬ ಹಳದಿ. ಸ್ನಾನ ಮಾಡದೆ ಮನೆಗೆ ಹೋದರೆ ಹಾಸಿಗೆ, ದಿಂಬು, ಮಕ್ಕಳು ಎಲ್ಲಕ್ಕೂ ಬಣ್ಣ. ಬಾಯ್ಲರಿನಿಂದ ಶವರಿಗೆ ಬರುವ ನೀರು ಸುಡುಸುಡು ಬಿಸಿ. ಆದರೂ ಚಳಿಗಾಲ ಬಂತೆಂದರೆ ಅರ್ಧಕ್ಕರ್ಧ ಮಂದಿಗೆ ನೆಗಡಿ, ಕೆಮ್ಮು.

ಆ ವರ್ಷ ಕೆಂಪು ತೊಟ್ಟಿಯ ದೊಡ್ಡಕ್ಕ ಸ್ನಾನವನ್ನೇ ಬಿಟ್ಟಳು. ಎಲ್ಲರಿಗಿಂತ ಹಿರಿಯಳು, ಹಟಕ್ಕೂ ಹಿರಿಯಳೇ.

"ಹೋದ್ವರ್ಷ ಮಿಂದು ಹೋಗಿ ಇಪ್ಪತ್ತು ದಿನ ಆಸ್ಪತ್ರೇಲಿ ಮಲಗಿದ್ದೆ. ಬೇಸಿಗೆ ಬರೋವರ್ಗೂ ನಾನು ಕೆಂಪಾಗೇ ಇರ್ತೀನಿ, ಯಾರೂ ಮಾತಾಡ್ಬೇಡಿ" ಎಂದಳು. ಬಸ್ಸಿನಲ್ಲಿ ಪಕ್ಕದವರು ಎದ್ದು ಹೋದರು. ಅವಳ ಕೈ ನೋಡಿ ಮೊಮ್ಮಗಳು ಕಿಟಾರನೆ ಕಿರುಚಿದಳು. ದೊಡ್ಡಕ್ಕ ಜಗ್ಗಲಿಲ್ಲ.

ಬಿಸಿನೀರಕ್ಕ ವಾದಕ್ಕೆ ಇಳಿಯಲಿಲ್ಲ. ನಾಲ್ಕು ದಿನ ಸ್ಟೂಲಿನ ಮೇಲೆ ಕೂತು ಸುಮ್ಮನೆ ನೋಡಿದಳು. ಶವರಿನಡಿ ನಿಂತಾಗ ಎಲ್ಲರೂ ಹರಟುತ್ತಾರೆ, ಹಾಡುತ್ತಾರೆ. ನಲ್ಲಿ ನಿಲ್ಲಿಸಿದ ಮೇಲೆ ಶುರು ಅವಾಂತರ. ಒದ್ದೆ ಮೈಯಲ್ಲೇ ಬಾಗಿಲು ತೆಗೆದು ಹೊರಗಿನ ಮರೆಗೋಡೆಯ ಓಣಿಗೆ ಓಡಬೇಕು. ಟವೆಲು, ಬಟ್ಟೆ ಎಲ್ಲ ಅಲ್ಲಿಯ ಗೂಟಗಳಲ್ಲಿ. ಕಾಲಡಿ ಮಂಜಿನಂಥ ಸಿಮೆಂಟು, ಅಂಗಳದ ಕಡೆಯಿಂದ ನುಗ್ಗುವ ಗಾಳಿ. ಟವೆಲಂತೂ ಹಲಗೆಯ ಹಾಗೆ ಸೆಟೆದಿರುತ್ತದೆ. ಗಡಿಬಿಡಿಯಲ್ಲಿ ಮೊದಲು ರವಿಕೆ ತೊಡುತ್ತಾರೆ, ಕೂದಲ ನೀರೆಲ್ಲ ಅದರ ಬೆನ್ನಿಗೇ ಇಳಿಯುತ್ತದೆ.

"ಬಿಸಿ ಸಾಲ್ದೇ ಅಲ್ಲ, ಇರೋ ಬಿಸೀನ ಬಾಗ್ಲು ತೆಗೆದು ಬೀದಿಪಾಲು ಮಾಡ್ತಿದೀವಿ" ಎಂದುಕೊಂಡಳು.

ಸ್ನಾನದ ಮನೆಯ ಹಿಂಬದಿಯ ಗೋಡೆಗೆ ಒಳಗಿನಿಂದಲೇ ಅಂಟಿಕೊಂಡು ಬಾಯ್ಲರಿನ ಬಿಸಿ ಪೈಪೊಂದು ನೂಲು ಒಣಗಿಸುವ ಕೋಣೆಗೆ ಹೋಗುತ್ತಿತ್ತು. ಅದರ ಮೇಲೆ ಟವೆಲು ಹಾಕಲು ಕಂಬಿ ಬೇಕೆಂದು ಸೂಪರ್‌ವೈಸರನ್ನು ಕೇಳಿದಳು.

"ಇದು ಸ್ನಾನದ ಮನೆ ಕಣಮ್ಮ, ಹೋಟ್ಲಲ್ಲ" ಎಂದ ಅವನು.

"ಹೋದ ಚಳಿಗಾಲ ಎಷ್ಟು ಜನ ಹುಷಾರಿಲ್ಲ ಅಂತ ರಜೆ ಹಾಕಿದ್ರು, ಹಾಜರಿ ಪುಸ್ತಕ ನೀವೇ ತೆಗ್ದು ನೋಡಿ ಸಾರ್."

ಅವನು ನೋಡಿರಬೇಕು. ಎರಡನೆಯ ದಿನ ಫಿಟ್ಟರ್ ಬಂದು ಪೈಪಿನ ಮೇಲೆ ಗೇಣು ಅಂತರದಲ್ಲಿ ನಾಲ್ಕು ಕಂಬಿ ಕೂರಿಸಿದ. ಗೂಟಗಳು ಒಳಗೆ ಬಂದವು. ಮುರಿದ ಪೆಟ್ಟಿಗೆಗಳ ಹಲಗೆ ಜೋಡಿಸಿ ಅವಳೇ ನೆಲಕ್ಕೆ ಹಾಸಿದಳು. ಆಮೇಲೆ ತನ್ನ ಕಾನೂನು ಹೊರಡಿಸಿದಳು: ನಲ್ಲಿ ನಿಲ್ಲಿಸಿದ ಮೇಲೆ ಐದು ನಿಮಿಷ ಬಾಗಿಲು ತೆಗೆಯುವ ಹಾಗಿಲ್ಲ. ಹಬೆ ಇರುವಾಗಲೇ ಅಲ್ಲೇ ಒರೆಸಿಕೊಳ್ಳಬೇಕು. ಮೊದಲು ತಲೆ ಕಟ್ಟಬೇಕು, ಆಮೇಲೆ ಮೈ, ಬೆರಳ ಸಂದಿ. ಕಾಲುಚೀಲ, ಸ್ವೆಟರು, ಕುಲಾವಿ ಹಾಕಿ, ಒಂದು ಲೋಟ ಬಿಸಿನೀರು ಕುಡಿದೇ ಹೊರಗೆ.

ಹುಡುಗಿಯರು ಮೊದಲು ಕಿಸಕ್ಕೆಂದರು. ಕಂಬಿಯಿಂದ ಇಳಿಸಿದ ಬಿಸಿ ಟವೆಲು ಮೈಗೆ ಸುತ್ತಿಕೊಂಡ ಮೇಲೆ ಐದು ನಿಮಿಷ ಮುಗಿದರೂ ಬಾಗಿಲ ಕಡೆ ಹೊರಳಲಿಲ್ಲ.

ದೊಡ್ಡಕ್ಕ ಮಾತ್ರ ದೂರವೇ ಉಳಿದಳು. ಬಕೆಟ್ಟಿನ ನೀರು ಮಂಜಿನಂತೆ ಕೊರೆಯುತ್ತಿದ್ದ ಒಂದು ದಿನ ಬಿಸಿನೀರಕ್ಕ ಅವಳ ಮುಂದೆ ಹೋಗಿ ನಿಂತಳು.

"ಇವತ್ತು ಮಿಂದು ನಡುಗಿದ್ರೆ, ನಾಳೆಯಿಂದ ನಾನೂ ಸ್ನಾನ ಬಿಡ್ತೀನಿ ದೊಡ್ಡಕ್ಕ."

"ಎಲ್ರ ಮುಂದೆ ಹೇಳು."

ಎಲ್ಲರ ಮುಂದೆಯೇ ಹೇಳಿದಳು. ದೊಡ್ಡಕ್ಕ ಮಿಂದಳು. ಹದಿನೈದು ಜನ ಅವಳ ಹಲ್ಲು ಕಟಕಟ ಎನ್ನುವುದನ್ನು ಕೇಳಲು ಕಿವಿಗೊಟ್ಟು ನಿಂತರು. ತಲೆ ಕಟ್ಟಿ, ಕಾಲುಚೀಲ ಏರಿಸಿ, ನೀರು ಗುಟುಕರಿಸಿ, ಅವಳು ನೇರ ಅಂಗಳದ ನಡುವೆ ಹೋಗಿ ಗಾಳಿಗೆ ಮುಖವೊಡ್ಡಿದಳು. ಒಂದು ನಿಮಿಷ. ಎರಡು.

"ಎಲ್ಲಿ ಹೋಯ್ತ್ರೇ ಚಳಿ? ರಜಾ ಹಾಕಿದ್ಯಾ ಇವತ್ತು?" ಎಂದಳು. ಅಂಗಳವೆಲ್ಲ ಕೇಕೆ.

ಆ ಚಳಿಗಾಲ ಹೆಂಗಸರ ಕಡೆಯಿಂದ ನೆಗಡಿಯ ರಜೆ ಬಂದದ್ದು ಎರಡೇ. ಸುದ್ದಿ ಗಂಡಸರ ಪಾಳಿಗೆ ಮುಟ್ಟಿತು. ಅವರಿಗೂ ಕಂಬಿ ಬಂತು, ಹಲಗೆ ಬಂತು, ಆದರೆ ಅಭ್ಯಾಸ ಬರಲಿಲ್ಲ. ಮೊದಲ ದಿನವೇ ನಾಲ್ವರು ಒದ್ದೆ ತಲೆಯಲ್ಲಿ ಹೊರಗೆ ಬಂದು ಸೀನಿದರು. ಸೂಪರ್‌ವೈಸರ್ ಖುದ್ದು ಬಂದ.

"ಬಿಸಿನೀರಕ್ಕ, ನೀವೇ ಒಂದ್ಸಲ ಅವ್ರಿಗೆ ಹೇಳ್ಕೊಡ್ಬೇಕಲ್ಲ."

ಅವಳು ಗಂಡಸರ ಸ್ನಾನದ ಮನೆಯ ಮುಚ್ಚಿದ ಬಾಗಿಲಿಗೆ ಬೆನ್ನು ಹಾಕಿ, ಸೊಂಟಕ್ಕೆ ಕೈಕೊಟ್ಟು ನಿಂತಳು.

"ನಲ್ಲಿ ನಿಲ್ಸಿ!" ಎಂದು ಕೂಗಿದಳು. ಒಳಗೆ ನೀರಿನ ಸದ್ದು ಒಮ್ಮೆಗೇ ನಿಂತಿತು. "ಬಾಗ್ಲು ಯಾರೂ ಮುಟ್ಬೇಡಿ! ಮೊದ್ಲು ತಲೆ!"

"ತಲೆ ಬೋಳು ಅಕ್ಕ, ಏನ್ ಒರೆಸ್ಲಿ?" ಎಂದಿತು ಒಂದು ಗಡಸು ದನಿ.

"ಬೋಳಿಗೇ ಮೊದ್ಲು ಚಳಿ ಹತ್ತೋದು, ಒರೆಸ್ಕೊಳ್ಳಪ್ಪ!"

ಒಳಗೆ ನಗೆ ಭೋರ್ಗರೆಯಿತು, ಹಿಂದೆಯೇ ನಲವತ್ತು ಟವೆಲುಗಳ ಸರಸರ ಸದ್ದು.